ಶಿವರಾತ್ರಿ ಜಾಗರಣೆಗೆ ಭಂಗಿ: ಶಾಸ್ತ್ರ ಎಷ್ಟು, ಕಾನೂನು ಎಷ್ಟು?

ಬೋಳೂರು ಗಾಳಿ (ಪ್ರಶ್ನೆ)

ಮಂಗಳೂರಿನ ಒಂದು ಸಣ್ಣ ಶಿವ ದೇವಸ್ಥಾನ. ಜಾಗರಣೆಯ ರಾತ್ರಿ ಸುಮಾರು 100 ಜನಕ್ಕೆ ಥಂಡಾಯಿ (ಬಾದಾಮಿ, ಮಸಾಲೆ ಅರೆದು ಹಾಕಿದ ತಂಪು ಹಾಲು) ಕೊಡುವ ಮಾತು ನಡೆದಿದೆ. ಕಾಶಿಯಲ್ಲಿ ಹಾಕುತ್ತಾರೆ, ಇಲ್ಲಿ ಸ್ವಲ್ಪ ಭಂಗಿ ಸೊಪ್ಪು (ಗಾಂಜಾ ಗಿಡದ ಎಲೆ) ಅರೆದು ಹಾಕಿದರೆ ಎಂತ ತೊಂದರೆ, ಅದು ಶಿವನ ಪ್ರಸಾದ, ಹೈಕೋರ್ಟೇ ತಪ್ಪಲ್ಲ ಎಂದಿದೆ ಎಂದು ಯುವಕ ಮಂಡಲದವರ ವಾದ. ವೇದದಲ್ಲಿ ಭಂಗಿ ಉಂಟಾ? ಕದ್ರಿ ಮಠದ ನಾಥಪಂಥದ ಜೋಗಿಗಳ ಪರಂಪರೆಯಲ್ಲಿ ಅದಕ್ಕೆ ಜಾಗ ಇದೆಯಾ? ಕೋರ್ಟ್ ಹೇಳಿದ್ದು ನಿಜಕ್ಕೂ ಏನು? ಗೊತ್ತಿದ್ದವರು ಹೇಳಿ.

ಹಳೇ ನಿಘಂಟು

ವೇದದಲ್ಲಿ ಹೆಸರು ಉಂಟು, ಅಮಲು ಇಲ್ಲ. ಅಥರ್ವವೇದದ 11ನೇ ಕಾಂಡ, 6ನೇ ಸೂಕ್ತ, 15ನೇ ಮಂತ್ರದಲ್ಲಿ ಸೋಮವೆಂಬ ಯಾಗದ ಗಿಡವನ್ನು ಮುಂದಿಟ್ಟು ದರ್ಭೆ, ಭಂಗ, ಯವ, ‘ಸಹ’ ಎಂಬ ಗಿಡ ಸೇರಿ ಐದು ಸಸ್ಯಗಳನ್ನು ಕರೆದು, ಪಾಪದಿಂದ ಬಿಡಿಸಿ ಎಂದು ಬೇಡಿದ್ದಾರೆ. ಅರೆಯುವ, ಕುಡಿಯುವ ಸುದ್ದಿ ಅಲ್ಲಿಲ್ಲ. ಸೋಮವೇ ಭಂಗಿ ಎನ್ನುವವರಿಗೆ ಇದೇ ಮಂತ್ರ ಅಡ್ಡ ಬರುತ್ತದೆ, ಎರಡನ್ನೂ ಬೇರೆ ಬೇರೆ ಎಣಿಸಿದೆಯಲ್ಲ. ವ್ಯಾಕರಣಕಾರ ಪಾಣಿನಿ (ಅಷ್ಟಾಧ್ಯಾಯಿ 5.2.4) ಎಳ್ಳು, ಉದ್ದು, ಅಗಸೆ, ಅಣು ಎಂಬ ಸಣ್ಣ ಧಾನ್ಯದ ಜೊತೆ ಭಂಗವನ್ನೂ ಗದ್ದೆಯ ಬೆಳೆಯಾಗಿ ಹೇಳುತ್ತಾನೆ. ಹಾಗಾಗಿ ನಾರಿಗೂ ಬೀಜಕ್ಕೂ ಬೆಳೆದ ಗಿಡ ಎಂದೇ ನಾನು ಓದುತ್ತೇನೆ.

ಮದ್ದಾಗಿ, ಮದವಾಗಿ ಸ್ಪಷ್ಟವಾಗಿ ಕಾಣಿಸುವುದು ಮಧ್ಯಕಾಲದ ವೈದ್ಯಗ್ರಂಥಗಳಲ್ಲಿ. 16ನೇ ಶತಮಾನದ ಭಾವಪ್ರಕಾಶ ಅದಕ್ಕೆ ಗಂಜಾ, ಮಾದಿನೀ, ವಿಜಯಾ, ಜಯಾ ಎಂಬ ಹೆಸರು ಕೊಟ್ಟು, ಕಫ ಕಳೆಯುತ್ತದೆ, ಹಸಿವು ಹೆಚ್ಚಿಸುತ್ತದೆ, ಪಿತ್ತ ಏರಿಸುತ್ತದೆ, ಮೋಹ ಮದ ತರುತ್ತದೆ ಎನ್ನುತ್ತದೆ. ಗುಣದ ಜೊತೆ ದೋಷವನ್ನೂ ಬರೆದಿಟ್ಟ ಪ್ರಾಮಾಣಿಕತೆ ಅದು.

ಸಮುದ್ರಮಥನದಲ್ಲಿ ಭಂಗಿ ಹುಟ್ಟಿತು ಎಂಬುದು ಜನಪದ. ಭಾಗವತದ 8ನೇ ಸ್ಕಂಧದಲ್ಲಿ ಇರುವುದು ಬೇರೆ: ಶಿವನ ಕೈಯಿಂದ ಚೆಲ್ಲಿದ ಹಾಲಾಹಲವನ್ನು ಚೇಳು, ಹಾವು, ವಿಷದ ಗಿಡಗಳು ಹೀರಿಕೊಂಡವು ಅಂತ. ಅದನ್ನು ಹಿಡಿದು ನೂರು ಜನಕ್ಕೆ ಲೋಟ ಹಂಚಲು ಆಗುವುದಿಲ್ಲ.

ಕದ್ರಿಗುಡ್ಡೆ

ನಾಥರೆಂದರೆ ಗಾಂಜಾ ಸೇದುವ ಚಿಲುಮೆ ಎಂಬುದು ಅರ್ಧ ಸತ್ಯ. ಉತ್ತರದ ಸಾಧುಗಳಲ್ಲಿ ಚಿಲುಮೆ ಸೇದುವವರು ಇದ್ದಾರೆ, ಇಲ್ಲವೆನ್ನುವುದಿಲ್ಲ. ಆದರೆ ಗೋರಖನಾಥರ ಹೆಸರಿನಲ್ಲಿರುವ ವಾಣಿಗಳಲ್ಲೇ ಮಾಂಸ ತಿಂದರೆ ದಯೆ ಹೋಗುತ್ತದೆ, ಭಂಗಿ ತಿಂದರೆ ಜ್ಞಾನ ಧ್ಯಾನ ಎರಡೂ ಹೋಗುತ್ತವೆ ಎಂಬ ಮಾತಿದೆ. 12 ವರ್ಷಕ್ಕೊಮ್ಮೆ ತ್ರ್ಯಂಬಕೇಶ್ವರದಿಂದ ಜೋಗಿಗಳ ಝುಂಡಿ (ತಂಡ) ಕಾಲ್ನಡಿಗೆಯಲ್ಲಿ ಕದ್ರಿಗೆ ಬಂದು ಹೊಸ ಪೀಠಾಧಿಪತಿಗೆ ಪಟ್ಟ ಕಟ್ಟುತ್ತದೆ. ಕಳೆದ ಸಲ ಬಂದದ್ದು 2016ರಲ್ಲಿ. ಆ ಪಟ್ಟಕ್ಕೂ ಭಂಗಿಗೂ ಗಂಟು ಹಾಕಬೇಡಿ.

ತುಳುನಾಡಿನ ಕ್ರಮ ನೋಡಿದರೆ ದೈವಗಳಿಗೆ ಕಳ್ಳು ಉಂಟು, ಕೊರಗಜ್ಜನಿಗೆ ಚಕ್ಕುಲಿ, ಬೀಡ, ಶರಾಬು ಉಂಟು. ಗಾಂಜಾ ಇಲ್ಲ. ಅದನ್ನು ಪ್ರಸಾದವೆಂದು ಕೊಡುವುದು ಯಾದಗಿರಿ, ರಾಯಚೂರು ಕಡೆಯ ಕೆಲವು ಶರಣ, ಅವಧೂತ ಪರಂಪರೆಗಳಲ್ಲಿ. ಸುರಪುರ ತಾಲ್ಲೂಕಿನ ತಿಂಥಣಿ ಮೌನೇಶ್ವರ ಜಾತ್ರೆಯ ಬಗ್ಗೆ ಪತ್ರಿಕೆಗಳಲ್ಲೂ ಬಂದಿದೆ. ಅಲ್ಲಿಯದು ಅಲ್ಲಿಗೆ. ಇಲ್ಲಿಗೆ ತಂದರೆ ಪರಂಪರೆ ಆಗುವುದಿಲ್ಲ, ನಕಲು ಮಾತ್ರ.

ಬೋಳೂರು ಗಾಳಿ

ಮಾದಕ ವಸ್ತು ಕಾಯ್ದೆಯಲ್ಲಿ ಎಲೆ ಬಿಟ್ಟಿದ್ದಾರಂತೆ. ಹಾಗಾದರೆ ಎಲೆ ಮಾತ್ರ ತಂದರೆ ಆಯ್ತಲ್ಲ?

ಬಾವುಟಗುಡ್ಡೆ ವಕೀಲ

ಅಷ್ಟು ಸುಲಭ ಇಲ್ಲ ಮಾರಾಯ್ರೆ. 1985ರ ಎನ್‌ಡಿಪಿಎಸ್ (ಮಾದಕ ವಸ್ತು) ಕಾಯ್ದೆಯ 2(iii) ಕಲಂ ಪ್ರಕಾರ ಚರಸ್ ಎಂದರೆ ಗಿಡದ ರಾಳ, ಗಾಂಜಾ ಎಂದರೆ ಹೂ ಅಥವಾ ಕಾಯಿ ಬಿಟ್ಟ ತುದಿ. ತುದಿಯ ಜೊತೆ ಇಲ್ಲದ ಎಲೆ, ಬೀಜ ಅದರಿಂದ ಹೊರಗೆ. ಆದರೆ ಚರಸ್, ಗಾಂಜಾ ಸೇರಿದ ಮಿಶ್ರಣ, ಪಾನೀಯ ಎಲ್ಲ ಒಳಗೆ. ಒಣಗಿಸಿ ಪುಡಿ ಮಾಡಿದ ಸೊಪ್ಪಿನಲ್ಲಿ ತುದಿ ಬೆರೆತಿದೆಯೋ ಇಲ್ಲವೋ ಕಣ್ಣಿಗೆ ಗೊತ್ತಾಗುವುದಿಲ್ಲ. ಪ್ರಯೋಗಾಲಯದ ವರದಿ ಬರುವವರೆಗೆ ನಿಮ್ಮ ಹುಡುಗರು ಎಲ್ಲಿರುತ್ತಾರೆ, ಅದು ಪ್ರಶ್ನೆ.

ಕರ್ನಾಟಕ ಹೈಕೋರ್ಟಿನ 2022ರ ಆದೇಶ ಜಾಮೀನಿನದ್ದು. 29 ಕೆಜಿ ಭಂಗಿ ಸಿಕ್ಕಿದ ಪ್ರಕರಣ. ಅದು ಚರಸ್ ಅಥವಾ ಗಾಂಜಾದಿಂದ ಮಾಡಿದ್ದೆಂದು ತೋರಿಸಲು ವರದಿ ಇರಲಿಲ್ಲ, ಆದ್ದರಿಂದ ಜಾಮೀನು. ದೇವಸ್ಥಾನದಲ್ಲಿ ಹಂಚಲು ಅದು ಪರವಾನಗಿ ಅಲ್ಲ. ಮೇಲಿಂದ ರಾಜ್ಯದ 1965ರ ಅಬಕಾರಿ ಕಾಯ್ದೆ ಬೇರೆ ಇದೆ, ಅಮಲು ಪದಾರ್ಥದ ವ್ಯಾಖ್ಯೆಯಲ್ಲಿ ಭಂಗಿಯ ಎಲೆಯೂ ಬರುತ್ತದೆ. ಕಾಶಿಯ ಸರಕಾರಿ ಲೈಸೆನ್ಸಿನ ಭಂಗಿ ಅಂಗಡಿ ನೋಡಿ ಬಂದವರು ಮರೆಯುವುದು ಇದನ್ನೇ.

ತೂಕದ ಲೆಕ್ಕ ಇನ್ನೂ ಕೆಟ್ಟದ್ದು. ಗಾಂಜಾಕ್ಕೆ 1 ಕೆಜಿವರೆಗೆ ಸಣ್ಣ ಪ್ರಮಾಣ, 20 ಕೆಜಿ ಮೀರಿದರೆ ವಾಣಿಜ್ಯ ಪ್ರಮಾಣ: ಕನಿಷ್ಠ 10 ವರ್ಷ. ಅಮಲಿಲ್ಲದ ವಸ್ತು ಬೆರೆತರೂ ಇಡೀ ಮಿಶ್ರಣದ ತೂಕ ಹಿಡಿಯಬೇಕೆಂದು ಸುಪ್ರೀಂ ಕೋರ್ಟ್ 2020ರಲ್ಲಿ ಹೇಳಿದೆ. ಆ ಲೆಕ್ಕ ಹಿಡಿದರೆ ತುದಿ ಬೆರೆತ ಒಂದು ಡ್ರಮ್ ಥಂಡಾಯಿಯಲ್ಲಿ ಹಾಲಿನ ತೂಕವೂ ನಿಮ್ಮ ತಲೆಗೇ. ಗೊತ್ತಿದ್ದೂ ಜಾಗ ಬಿಟ್ಟುಕೊಟ್ಟ ಸಮಿತಿಯವರಿಗೆ ಅದೇ ಎನ್‌ಡಿಪಿಎಸ್ ಕಾಯ್ದೆಯ 25ನೇ ಕಲಂ ಪ್ರಕಾರ ಶಿಕ್ಷೆ.

ಹಳೇ ನಿಘಂಟು

ಒಂದು ಸೇರಿಸುತ್ತೇನೆ. ತೊಳೆದು ತುಪ್ಪದಲ್ಲಿ ಹುರಿದರೆ ಶುದ್ಧವಾಗಿ ಅಮಲು ಹೋಗುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಅಮಲಿನ ಅಂಶ ನೀರಿನಲ್ಲಿ ಕರಗುವುದಿಲ್ಲ, ಕೊಬ್ಬಿನಲ್ಲಿ ಕರಗುತ್ತದೆ. ಬಿಸಿ ತಾಗಿದರೆ ಇನ್ನೂ ಚುರುಕಾಗುತ್ತದೆ. ಕುಡಿದದ್ದು ಏರಲು ಅರ್ಧದಿಂದ ಎರಡು ಗಂಟೆ ಬೇಕು. ಏನೂ ಆಗಲಿಲ್ಲವೆಂದು ಎರಡನೇ ಲೋಟ ಕುಡಿಯುವುದೇ ದೊಡ್ಡ ಅಪಾಯ. ಉಪವಾಸದ ಹೊಟ್ಟೆ, ಹೃದಯದ ಮಾತ್ರೆ ತೆಗೆದುಕೊಳ್ಳುವ ಹಿರಿಯರು, ಬೆಳಿಗ್ಗೆ ಬೈಕ್ ಹತ್ತುವ ಹುಡುಗರು, ಇವರಿಗೆ ಯಾರು ಹೊಣೆ? ಸೊಪ್ಪಿಗೆ ದತ್ತೂರ ಬೆರೆತಿದ್ದರೆ ಬಾಯಿ ಒಣಗಿ, ಕಣ್ಣಿನ ಪಾಪೆ ಅಗಲವಾಗಿ, ಬಡಬಡಿಕೆ ಶುರುವಾಗುತ್ತದೆ. ಆಗ ನೇರ ಆಸ್ಪತ್ರೆ.

ಉಡುಪಿ ಅಡಿಗೆಭಟ್ಟ

ಭಂಗಿ ಇಲ್ಲದ ಥಂಡಾಯಿಯೇ ಮಾಡಿ. 100 ಜನಕ್ಕೆ 150 ಮಿಲಿಯಂತೆ 15 ಲೀಟರ್. ಹಾಲು 13 ಲೀಟರ್, ಸಕ್ಕರೆ ಒಂದೂವರೆ ಕೆಜಿ, ಬಾದಾಮಿ 500 ಗ್ರಾಂ, ಕರ್ಬೂಜದ ಬೀಜ 250, ಗಸಗಸೆ 200, ಸೋಂಪು 150, ಕಾಳುಮೆಣಸು 40, ಏಲಕ್ಕಿ 25, ಒಣಗಿದ ಗುಲಾಬಿ ಎಸಳು ಒಂದು ಹಿಡಿ. ಬಾದಾಮಿ 8 ಗಂಟೆ ನೆನೆಸಿ ಸಿಪ್ಪೆ ತೆಗೆಯಿರಿ. ಗಸಗಸೆ 4 ಗಂಟೆಯಾದರೂ ನೆನೆಯಬೇಕು, ಇಲ್ಲದಿದ್ದರೆ ಅರೆದಷ್ಟೂ ತರಿ ತರಿ. ನುಣ್ಣಗೆ ಅರೆದು, ತೆಳು ಬಟ್ಟೆಯಲ್ಲಿ ಎರಡು ಸಲ ಸೋಸಿ.

ಹಾಲು ಕಾಯಿಸಿ ಪೂರ್ತಿ ಆರಿದ ಮೇಲೆ ಬೆರೆಸಿ. ನಮ್ಮ ಕರಾವಳಿಯ ಸೆಕೆಗೆ ಹೊರಗೆ ಇಟ್ಟರೆ ನಡುರಾತ್ರಿಯೊಳಗೆ ಹುಳಿ ವಾಸನೆ ಬರುತ್ತದೆ. ಅರೆದ ಮಿಶ್ರಣ ಬೇರೆ, ಹಾಲು ಬೇರೆ ಐಸಿನಲ್ಲಿಟ್ಟು ಪ್ರತಿ ಯಾಮದ ಪೂಜೆ ಮುಗಿದಾಗ ನಾಲ್ಕು ಲೀಟರಿನಷ್ಟೇ ಕಲಸಿ. ಹಾಲು ಕುಡಿಯದವರಿಗೆ ಬೆಲ್ಲದ ಪಾನಕ ಒಂದು ಪಾತ್ರೆ ಇರಲಿ.

ಬೋಳೂರು ಗಾಳಿ

ಗಸಗಸೆ ಅಫೀಮು ಗಿಡದ ಬೀಜ, ಅದಕ್ಕೆ ಯಾರೂ ಕೇಸು ಹಾಕುವುದಿಲ್ಲ ಅಲ್ವಾ ಸರ್?

ಬಾವುಟಗುಡ್ಡೆ ವಕೀಲ

ಬೀಜಕ್ಕೆ ಇಲ್ಲ. ದಿನಸಿ ಅಂಗಡಿಯಲ್ಲಿ ಸಿಗುತ್ತದೆ, ಬಿಲ್ ಇಟ್ಟುಕೊಳ್ಳಿ.