ಪೋಸ್ಟ್‌ಮನ್‌ನಲ್ಲಿ ಓಡುತ್ತದೆ, ಡೈರಿಯ ಫೋನಿನಲ್ಲಿ ಓಡುವುದಿಲ್ಲ

ಪ್ರಶ್ನೆ (ಮದ್ದೂರು ಕಡೆಯಿಂದ):
ನಮಸ್ಕಾರ ಮೇಡಂ. ನಮ್ಮೂರ ಹಾಲಿನ ಡೈರಿಗೆ ಫ್ಲಟರ್ (ಮೊಬೈಲ್ ಆ್ಯಪ್ ಮಾಡುವ ಸಾಧನ) ಬಳಸಿ ಒಂದು ಆ್ಯಪ್ ಮಾಡುತ್ತಿದ್ದೇನೆ. ಸದಸ್ಯರ ನಂಬರ್, ಲೀಟರ್, ಫ್ಯಾಟ್ ಹಾಕಿ ಸೇವ್ ಒತ್ತಿದರೆ ಸರ್ವರಿಗೆ ಹೋಗಬೇಕು. ಸರ್ವರನ್ನು ಪರೀಕ್ಷಿಸುವ ಪೋಸ್ಟ್‌ಮನ್ ಎಂಬ ಸಾಫ್ಟ್‌ವೇರ್‌ನಲ್ಲಿ ಅದೇ ಎಪಿಐಗೆ (ಆ್ಯಪ್ ಸರ್ವರಿನೊಡನೆ ಮಾತಾಡುವ ದಾರಿ) 200, ಅಂದರೆ ‘ಸರಿ’ ಎಂಬ ಉತ್ತರ, ಬರುತ್ತದೆ. ಕೇಬಲ್ ಹಾಕಿ ನನ್ನ ಫೋನಿನಲ್ಲಿ ಓಡಿಸಿದರೂ ಸರಿಯಾಗಿದೆ. ರಿಲೀಸ್ ಎಪಿಕೆ (ಬೇರೆಯವರ ಫೋನಿಗೆ ಹಾಕುವ ಅಂತಿಮ ಆ್ಯಪ್ ಫೈಲ್) ಮಾಡಿ ಕಾರ್ಯದರ್ಶಿಗೆ ಕಳಿಸಿದರೆ ಮಾತ್ರ ‘ನೆಟ್‌ವರ್ಕ್ ಸರಿಯಿಲ್ಲ’ ಎಂದು ಬರುತ್ತದೆ. ಅದೇ ಫೋನಿನಲ್ಲಿ ವಾಟ್ಸಾಪ್ ಚೆನ್ನಾಗೇ ಓಡುತ್ತಿದೆ. ಪೋಸ್ಟ್‌ಮನ್ ಸ್ಕ್ರೀನ್‌ಶಾಟ್ ಹಾಕಿದ್ದೇನೆ, ನೋಡಿ.

ಉತ್ತರ (ಬ್ಯಾಕೆಂಡ್ ಎಂಜಿನಿಯರ್, ಮೈಸೂರು):
ಮೊದಲು ಆ ಸ್ಕ್ರೀನ್‌ಶಾಟ್ ತೆಗೆದುಬಿಡಿ. ನಿಮ್ಮ ಟೋಕನ್ (ಸರ್ವರಿಗೆ ಪ್ರವೇಶ ಕೊಡುವ, ಪಾಸ್‌ವರ್ಡ್‌ನಂತಹ ಗುಟ್ಟು) ಪೂರ್ತಿ ಕಾಣುತ್ತಿದೆ. ಡಿಲೀಟ್ ಮಾಡಿದರೆ ಸಾಲದು, ಹಳೆಯದನ್ನು ರದ್ದು ಮಾಡಿ ಹೊಸದು ತೆಗೆದುಕೊಳ್ಳಿ.

ಈಗ ವಿಷಯಕ್ಕೆ. ‘ನೆಟ್‌ವರ್ಕ್ ಸರಿಯಿಲ್ಲ’ ಅನ್ನುವುದು ನೀವೇ ಬರೆದ ಮಾತು ಅಲ್ವಾ? ಯಾವ ಎರರ್ ಬಂದರೂ ಕ್ಯಾಚ್‌ನಲ್ಲಿ (ಎರರ್ ಹಿಡಿಯುವ ಕೋಡ್) ಹಿಡಿದು ಅದೊಂದನ್ನೇ ತೋರಿಸುತ್ತಿದ್ದೀರಿ. ಸರ್ವರಿನ ವಿಳಾಸ ಸಿಗದಿರುವುದು ಬೇರೆ, ಸರ್ವರಿನ ಗುರುತುಪತ್ರವಾದ ಸರ್ಟಿಫಿಕೇಟ್ ಒಪ್ಪದಿರುವುದು ಬೇರೆ, ಸರ್ವರ್ 401 (ಪ್ರವೇಶವಿಲ್ಲ) ಅಥವಾ 500 (ಸರ್ವರಿನಲ್ಲೇ ದೋಷ) ಕೊಡುವುದು ಬೇರೆ, ಬಂದ ಜೇಸನ್ (ಸರ್ವರ್ ಮಾಹಿತಿ ಕಳಿಸುವ ರೂಪ) ಓದಲು ಆಗದಿರುವುದು ಇನ್ನೂ ಬೇರೆ. 401 ಬಂದಿದೆ ಅಂದರೆ ನೆಟ್‌ವರ್ಕ್ ಸರಿಯಾಗೇ ಇದೆ ಎಂದರ್ಥ. ಎರರ್ ಇದ್ದ ಹಾಗೇ ಲಾಗ್‌ಗೆ (ಆ್ಯಪ್ ಬರೆದಿಡುವ ದಾಖಲೆ) ಹಾಕಿ. ಅಷ್ಟಾಗುವವರೆಗೆ ನಾವೆಲ್ಲ ಸುಮ್ನೆ ಊಹೆ ಮಾಡುತ್ತಾ ಕೂರಬೇಕು.

ಆದರೂ ನಿಮ್ಮ ಲಕ್ಷಣ ನೋಡಿದರೆ ಒಂದು ಅನುಮಾನ ಇದೆ. ಫ್ಲಟರ್ ಹೊಸ ಪ್ರಾಜೆಕ್ಟ್ ಮಾಡಿಕೊಟ್ಟಾಗ ಇಂಟರ್ನೆಟ್ ಪರ್ಮಿಷನ್ ಇರುವುದು ಡೀಬಗ್ ಮತ್ತು ಪ್ರೊಫೈಲ್ (ಪರೀಕ್ಷೆಗೆ ಓಡಿಸುವ ಆವೃತ್ತಿಗಳು) ಮ್ಯಾನಿಫೆಸ್ಟ್‌ಗಳಲ್ಲಿ, ಅಂದರೆ ಆ್ಯಪ್‌ಗೆ ಬೇಕಾದ ಅನುಮತಿಗಳನ್ನು ಬರೆದಿಡುವ ಫೈಲ್‌ಗಳಲ್ಲಿ, ಮಾತ್ರ. ಮೇನ್ ಫೋಲ್ಡರಿನ ಮ್ಯಾನಿಫೆಸ್ಟ್‌ಗೆ ಅದನ್ನು ನಾವೇ ಸೇರಿಸಬೇಕು. ಅದಕ್ಕೇ ಕೇಬಲ್ ಹಾಕಿದಾಗ ಓಡುತ್ತದೆ, ರಿಲೀಸ್‌ನಲ್ಲಿ ಕೈಕೊಡುತ್ತದೆ. ಆ ಒಂದು ಸಾಲು ಹಾಕಿ ನೋಡಿ.

ಮದ್ದೂರಿನವರು ಮತ್ತೆ:
ಅದೇ ಆಗಿತ್ತು ಮೇಡಂ! ಕಾರ್ಯದರ್ಶಿಯ ಫೋನಿನಲ್ಲಿ ಓಡುತ್ತಿದೆ. ಆದರೆ ಹಾಲು ಅಳೆಯುವ ಹುಡುಗನ ಹಳೆಯ ಫೋನಿನಲ್ಲಿ ಆಗುತ್ತಿಲ್ಲ. ಆಂಡ್ರಾಯ್ಡ್ 7.0. ಲಾಗ್‌ನಲ್ಲಿ ‘ಸರ್ಟಿಫಿಕೇಟ್ ವೆರಿಫೈ ಫೇಲ್ಡ್’ ಎಂದಿದೆ. ಸರ್ವರಿನಲ್ಲಿರುವುದು ಲೆಟ್ಸ್ ಎನ್‌ಕ್ರಿಪ್ಟ್ ಎಂಬ ಸಂಸ್ಥೆ ಕೊಟ್ಟ ಸರ್ಟಿಫಿಕೇಟ್. ಇನ್ನೊಂದು ಸಮಸ್ಯೆ: ಬೆಳಿಗ್ಗೆ ಸಿಗ್ನಲ್ ಕಮ್ಮಿ ಇದ್ದಾಗ ಕೆಲವರ ಹಾಲು ಎರಡೆರಡು ಸಲ ನಮೂದಾಗಿದೆ.

ಉತ್ತರ:
ಸರ್ಟಿಫಿಕೇಟ್ ವಿಷಯ ಬೇಗ ಮುಗಿಸುತ್ತೇನೆ. ಲೆಟ್ಸ್ ಎನ್‌ಕ್ರಿಪ್ಟ್‌ನವರ ಐಎಸ್‌ಆರ್‌ಜಿ ರೂಟ್ ಎಕ್ಸ್1 (ಅವರ ಸರ್ಟಿಫಿಕೇಟ್‌ಗಳನ್ನು ನಂಬಲು ಫೋನಿನಲ್ಲಿರಬೇಕಾದ ಮೂಲ ಸರ್ಟಿಫಿಕೇಟ್) ಆಂಡ್ರಾಯ್ಡ್ 7.1.1ಕ್ಕಿಂತ ಹಳೆಯ ಫೋನುಗಳಲ್ಲಿ ಇಲ್ಲ. ಹಳೆಯ ಫೋನುಗಳಿಗಾಗಿ ಇದ್ದ ಅಡ್ಡಸಹಿಯ (ಫೋನು ಮೊದಲೇ ನಂಬುವ ಇನ್ನೊಂದು ಸಂಸ್ಥೆಯ ಸಹಿ) ವ್ಯವಸ್ಥೆ 2024ಕ್ಕೆ ಮುಗಿಯಿತು. ಆ ರೂಟ್ ಸರ್ಟಿಫಿಕೇಟನ್ನು ಆ್ಯಪ್ ಜೊತೆಗೇ ಇಟ್ಟು ಸೆಕ್ಯುರಿಟಿ ಕಾಂಟೆಕ್ಸ್ಟ್‌ಗೆ (ಆ್ಯಪ್ ಯಾವ ಸರ್ಟಿಫಿಕೇಟ್ ನಂಬಬೇಕೆಂದು ಹೇಳುವ ಜಾಗ) ಸೇರಿಸಿ. ಯಾವ ಸರ್ಟಿಫಿಕೇಟ್ ಬಂದರೂ ‘ಟ್ರೂ’ ಎಂದು ಒಪ್ಪಿಕೊಳ್ಳುವ ಕೋಡ್ ಹುಡುಕಿದ ಕೂಡಲೇ ಸಿಗುತ್ತದೆ. ದಯವಿಟ್ಟು ಅದನ್ನು ಹಾಕಬೇಡಿ. ಬಾಗಿಲಿನ ಬೀಗ ತೆರೆಯಲಿಲ್ಲ ಎಂದು ಬಾಗಿಲನ್ನೇ ಕಿತ್ತಿಟ್ಟ ಹಾಗಾಗುತ್ತದೆ.

ನನಗೆ ಹೆಚ್ಚು ಭಯವಾಗಿದ್ದು ಎರಡನೆಯದು. ಅದು ಜನರ ದುಡ್ಡು. ಬಹುಶಃ ಆಗುತ್ತಿರುವುದು ಹೀಗೆ: ರಿಕ್ವೆಸ್ಟ್ ಸರ್ವರಿಗೆ ಮುಟ್ಟಿದೆ, ನಮೂದೂ ಆಗಿದೆ. ಉತ್ತರ ವಾಪಸ್ ಬರುವಾಗ ಸಿಗ್ನಲ್ ಹೋಗಿದೆ. ಆ್ಯಪ್‌ಗೆ ಟೈಮ್‌ಔಟ್. ಕ್ಯೂನಲ್ಲಿ ಜನ ನಿಂತಿದ್ದಾರೆ, ಹುಡುಗ ಮತ್ತೆ ಸೇವ್ ಒತ್ತುತ್ತಾನೆ. ಟೈಮ್‌ಔಟ್ ಅಂದರೆ ‘ಆಗಲಿಲ್ಲ’ ಎಂದಲ್ಲ, ‘ಆಯಿತೋ ಇಲ್ಲವೋ ಗೊತ್ತಿಲ್ಲ’ ಎಂದು. ಮಾಹಿತಿ ಕೇಳುವ ಗೆಟ್ ರಿಕ್ವೆಸ್ಟನ್ನು ಎಷ್ಟು ಸಲ ಕಳಿಸಿದರೂ ತೊಂದರೆಯಿಲ್ಲ. ಹೊಸ ಮಾಹಿತಿ ಸೇರಿಸುವ ಪೋಸ್ಟ್ ರಿಕ್ವೆಸ್ಟ್‌ಗೆ ಆ ಭರವಸೆ ಇಲ್ಲ.

ಒಂದು ನಮೂದು ಶುರುವಾದಾಗಲೇ ಫೋನಿನಲ್ಲಿ ಅದಕ್ಕೊಂದು ಯುಯುಐಡಿ (ಬೇರೆ ಯಾವ ನಮೂದಿಗೂ ಬಾರದ ಗುರುತು ಸಂಖ್ಯೆ) ಹುಟ್ಟಿಸಿ. ಎಷ್ಟು ಸಲ ಮತ್ತೆ ಕಳಿಸಿದರೂ ಅದೇ ಐಡಿ ಹೋಗಬೇಕು. ಸೇವ್ ಒತ್ತಿದಾಗಲೆಲ್ಲ ಹೊಸದು ಹುಟ್ಟಿಸಿದರೆ ಕೆಲಸಕ್ಕೆ ಬಾರದು. ಸರ್ವರಿನ ಟೇಬಲ್‌ನಲ್ಲಿ ಆ ಕಾಲಂ ಯೂನಿಕ್ ಇರಲಿ, ಅಂದರೆ ಒಂದೇ ಐಡಿಯ ಎರಡು ಸಾಲು ಇರಬಾರದು. ಅದೇ ಐಡಿ ಎರಡನೇ ಸಲ ಬಂದರೆ ಹೊಸ ಸಾಲು ಸೇರಿಸದೆ, ಹಳೆಯ ಉತ್ತರವನ್ನೇ ವಾಪಸ್ ಕೊಡಲಿ.

ಇನ್ನೊಬ್ಬರು (ಪಾಂಡವಪುರ):
ಸದಸ್ಯರ ನಂಬರ್, ದಿನಾಂಕ, ಬೆಳಿಗ್ಗೆ ಅಥವಾ ಸಂಜೆ, ಈ ಮೂರನ್ನೇ ಸೇರಿಸಿ ಯೂನಿಕ್ ಮಾಡಿದರೆ ಆಗಲ್ವಾ ಮೇಡಂ? ಐಡಿ ಗೋಜೇ ಬೇಡ.

ಉತ್ತರ:
ಒಂದೇ ಮನೆಯಿಂದ ಅಪ್ಪ ಒಂದು ಕ್ಯಾನ್, ಮಗ ಸ್ವಲ್ಪ ಹೊತ್ತಿನ ಮೇಲೆ ಇನ್ನೊಂದು ತಂದರೆ? ಎರಡನೆಯ ಹಾಲು ಲೆಕ್ಕಕ್ಕೇ ಸೇರುವುದಿಲ್ಲ. ನಿಮ್ಮ ಡೈರಿಯಲ್ಲಿ ಹಾಗೆ ಹಾಕಲು ಬಿಡುತ್ತಾರಾ, ಮೊದಲು ಕಾರ್ಯದರ್ಶಿಯನ್ನು ಕೇಳಿ. ಬಿಡುವುದಿಲ್ಲ ಅಂದರೆ ನೀವು ಹೇಳಿದ್ದೇ ಸಾಕು.

ಮದ್ದೂರಿನವರು:
ನಮ್ಮಲ್ಲಿ ತರುತ್ತಾರೆ ಮೇಡಂ, ಹಬ್ಬದ ದಿನ ಜಾಸ್ತಿ. ಯುಯುಐಡಿಯನ್ನೇ ಹಾಕುತ್ತೇನೆ. ಈಗಾಗಲೇ ಎರಡು ಸಲ ಬಿದ್ದಿರುವ ನಮೂದು ಏನು ಮಾಡಲಿ?

ಉತ್ತರ:
ಸರ್ವರಿನಲ್ಲಿ ನೇರವಾಗಿ ಅಳಿಸಬೇಡಿ. ಒಂದೇ ಸದಸ್ಯ, ಒಂದೇ ಲೀಟರ್, ಒಂದೇ ಫ್ಯಾಟ್, ಸಮಯ ಹತ್ತಿರ ಹತ್ತಿರ ಇರುವ ಸಾಲುಗಳ ಪಟ್ಟಿ ತೆಗೆಯಿರಿ. ಡೈರಿಯ ಪುಸ್ತಕದ ಜೊತೆ ಕಾರ್ಯದರ್ಶಿಯೇ ಕೂತು ತಾಳೆ ನೋಡಲಿ. ಅವರು ಗುರುತು ಹಾಕಿದ್ದನ್ನು ಮಾತ್ರ ರದ್ದು ಎಂದು ನಮೂದಿಸಿ. ಬಟವಾಡೆಗೆ ಮುಂಚೆ ಇದು ಮುಗಿಯಲಿ.