ಫಿಶ್‌ಐ ಪನೋರಮಾ: ಬೀಚ್ ಕೂಡುತ್ತದೆ, ಜಗಲಿಯ ತೊಲೆ ಮುರಿಯುತ್ತದೆ. ಏಕೆ?

ತೋಟದಂಚು:

ಶಿರಸಿ ಹತ್ತಿರದ ಒಂದು ಹೋಮ್‌ಸ್ಟೇಗೆ 360 ಡಿಗ್ರಿ ಟೂರ್ ಮಾಡಿಕೊಡಬೇಕಿದೆ. ಮನೆಯ ಜಗಲಿ, ಅಡಿಕೆ ತೋಟ ಮತ್ತು ಅತಿಥಿಗಳನ್ನು ಕರೆದೊಯ್ಯುವ ಕಾರವಾರದ ಟಾಗೋರ್ ಬೀಚ್. ಕ್ಯಾಮೆರಾ 24 ಮೆಗಾಪಿಕ್ಸೆಲ್‌ನ ನಿಕಾನ್ ಎಪಿಎಸ್-ಸಿ, ಲೆನ್ಸ್ ಸ್ಯಾಮ್ಯಾಂಗ್ 8 ಎಂಎಂ ಎಫ್/3.5 ಫಿಶ್‌ಐ (ತೀರಾ ಅಗಲ ನೋಟದ ಉಬ್ಬು ಗಾಜಿನ ಲೆನ್ಸ್). ಸಾದಾ ಟ್ರೈಪಾಡ್, ಬಾಲ್ ಹೆಡ್ಡನ್ನು ಬದಿಗೆ ಮಲಗಿಸಿ ಕ್ಯಾಮೆರಾ ಉದ್ದುದ್ದ ನಿಲ್ಲಿಸುತ್ತೇನೆ. 60 ಡಿಗ್ರಿಗೊಂದರಂತೆ ಸುತ್ತಲೂ 6 ಫೋಟೋ, ಮೇಲಕ್ಕೊಂದು, ಕೆಳಕ್ಕೊಂದು. ಜೋಡಿಸುವುದು ಹಗಿನ್ ಎಂಬ ಪುಕ್ಕಟೆ ಸಾಫ್ಟ್‌ವೇರಿನಲ್ಲಿ.

ಬೀಚಿನದು ಬಹುಪಾಲು ಸರಿ ಬರುತ್ತದೆ. ಆದರೆ ಸಮುದ್ರದ ಕಡೆಯ ಎರಡು ಫೋಟೋ ಯಾವುದಕ್ಕೂ ಅಂಟಿಕೊಳ್ಳುವುದಿಲ್ಲ, ದಿಗಂತವೂ ಡೊಂಕು. ಜಗಲಿಯದಂತೂ ಹೇಳುವುದೇ ಬೇಡ: ತೊಲೆ ಎರಡು ತುಂಡು, ರೀಪುಗಳು ಮೆಟ್ಟಿಲು ಮೆಟ್ಟಿಲಾಗಿ ಕಾಣುತ್ತವೆ, ಟ್ರೈಪಾಡ್ ಇದ್ದ ಜಾಗ ತೂತು. ಸೆಟ್ಟಿಂಗ್ ಎರಡೂ ಕಡೆ ಒಂದೇ. ಪಿಟಿಗುಯಿ ಸಾಫ್ಟ್‌ವೇರ್ ಕೊಂಡರೆ ಸರಿಹೋಗುತ್ತದೆಯೇ?

ಹಂಚಿನಮಾಡು:

ಆ ದುಡ್ಡು ಸದ್ಯ ಜೇಬಿನಲ್ಲೇ ಇರಲಿ. ಇದು ಪ್ಯಾರಲಾಕ್ಸ್ (ನೋಡುವ ಬಿಂದು ಸರಿದಾಗ ಹತ್ತಿರದ ವಸ್ತು ಹಿನ್ನೆಲೆಯ ಮೇಲೆ ಜರುಗಿದಂತೆ ಕಾಣುವುದು), ಯಾವ ಸಾಫ್ಟ್‌ವೇರಿನಲ್ಲಿ ಹಾಕಿದರೂ ತೊಲೆ ಮುರಿದೇ ಬರುತ್ತದೆ.

ಬೀಚ್ ಕೂಡಿ ಜಗಲಿ ಕೂಡದಿರುವುದೇ ಇದಕ್ಕೆ ಸಾಕ್ಷಿ. ಲೆಕ್ಕ ಹಾಕಿ ನೋಡಿ. ಯಾವ ಬಿಂದುವಿನ ಸುತ್ತ ತಿರುಗಿಸಿದರೆ ಪ್ಯಾರಲಾಕ್ಸ್ ಬರುವುದಿಲ್ಲವೋ ಅದು (ರೂಢಿಯಲ್ಲಿ ನೋಡಲ್ ಪಾಯಿಂಟ್ ಎನ್ನುತ್ತಾರೆ) ಲೆನ್ಸಿನ ಮುಂಭಾಗದ ಹತ್ತಿರ ಇರುತ್ತದೆ, ನೀವು ತಿರುಗಿಸುತ್ತಿರುವುದು ಟ್ರೈಪಾಡಿನ ನಡುಗಂಬದ ಸುತ್ತ. ನಡುವಿನ ಅಂತರ 8 ಸೆಂ.ಮೀ. ಎಂದಿಟ್ಟುಕೊಳ್ಳಿ. 60 ಡಿಗ್ರಿ ತಿರುಗಿಸಿದಾಗ ಆ ಬಿಂದು 8 ಸೆಂ.ಮೀ. ಸರಿಯುತ್ತದೆ. ಒಂದು ಮೀಟರ್ ದೂರದ ಕಂಬ ಆಗ ಹಿನ್ನೆಲೆಯ ಮೇಲೆ ಸುಮಾರು 4.6 ಡಿಗ್ರಿ ಜರುಗುತ್ತದೆ. ನಿಮ್ಮ ಜೋಡಿಯಲ್ಲಿ ಚಿತ್ರದ ನಡುವೆ ಡಿಗ್ರಿಗೆ 36 ಪಿಕ್ಸೆಲ್ ಸಿಗುತ್ತದೆ, ಅಂದರೆ 160 ಪಿಕ್ಸೆಲ್ಲಿಗೂ ಹೆಚ್ಚಿನ ವ್ಯತ್ಯಾಸ. ಅದೇ 100 ಮೀಟರ್ ಆಚೆಯ ಗಾಳಿಮರದಲ್ಲಿ ಒಂದೂವರೆ ಪಿಕ್ಸೆಲ್ ಆಸುಪಾಸು, ಕಣ್ಣಿಗೇ ಬೀಳುವುದಿಲ್ಲ. ಅಂತರವನ್ನು 5 ಮಿ.ಮೀ.ಗೆ ಇಳಿಸಿದರೆ ಆ ಕಂಬದಲ್ಲಿ 10 ಪಿಕ್ಸೆಲ್ ಉಳಿಯುತ್ತದೆ, ಅಷ್ಟನ್ನು ಫೋಟೋಗಳ ಅಂಚು ಬೆರೆಸುವ ಬ್ಲೆಂಡರ್ ಮುಚ್ಚಿಹಾಕುತ್ತದೆ. ಬಾಲ್ ಹೆಡ್ ಬದಿಗೆ ಮಲಗಿಸುವುದರಿಂದ ಇಡೀ ಕ್ಯಾಮೆರಾ ಪಕ್ಕಕ್ಕೂ ಹೋಗಿರುತ್ತದೆ, ಆ ತಪ್ಪು ಬೇರೆ.

ಬೇಕಿರುವುದು ಪನೋ ಹೆಡ್, ಅಂದರೆ ಕ್ಯಾಮೆರಾವನ್ನು ಆ ಬಿಂದುವಿನ ಸುತ್ತಲೇ ತಿರುಗಿಸುವ ಟ್ರೈಪಾಡ್ ತಲೆ. ಕೊಳ್ಳಲು ಮನಸ್ಸಿಲ್ಲದಿದ್ದರೆ ದಪ್ಪ ಅಲ್ಯೂಮಿನಿಯಂ ಪಟ್ಟಿಯನ್ನು ಎಲ್ ಆಕಾರಕ್ಕೆ ಬಗ್ಗಿಸಿ, ಕಾಲಿಂಚಿನ ಸ್ಕ್ರೂ ಜಾರುವಂತೆ ಉದ್ದನೆಯ ತೂತು ಕೊರೆಸಿ. ವೆಲ್ಡಿಂಗ್ ಶಾಪಿನಲ್ಲಿ ಮಾಡಿಕೊಡುತ್ತಾರೆ. ಹೊಂದಿಸಬೇಕಾದ್ದು ಎರಡೇ:

ಮೊದಲು ಅಡ್ಡಕ್ಕೆ. ಕ್ಯಾಮೆರಾವನ್ನು ನೇರ ಕೆಳಕ್ಕೆ ತಿರುಗಿಸಿ ಲೈವ್ ವ್ಯೂ ಹಾಕಿ. ತಿರುಗುವ ತಟ್ಟೆಯ ಮಧ್ಯದ ಸ್ಕ್ರೂ ಚಿತ್ರದ ನಟ್ಟನಡುವೆ ಬರಬೇಕು.

ಆಮೇಲೆ ಹಿಂದೆ ಮುಂದೆ. ಲೆನ್ಸಿನಿಂದ 40 ಸೆಂ.ಮೀ. ದೂರದಲ್ಲಿ ಒಂದು ದಾರ ತೂಗುಬಿಡಿ, ಅದರ ಹಿಂದೆ ಹತ್ತಾರು ಮೀಟರ್ ಆಚೆ ಒಂದು ಕಂಬ ಇರಲಿ. ಆ ಜೋಡಿ ಫ್ರೇಮಿನ ಎಡಕ್ಕೆ ಬರುವಂತೆ ಒಮ್ಮೆ, ಬಲಕ್ಕೆ ಬರುವಂತೆ ಒಮ್ಮೆ ತಿರುಗಿಸಿ, ಲೈವ್ ವ್ಯೂ ದೊಡ್ಡದು ಮಾಡಿ ನೋಡಿ. ದಾರಕ್ಕೂ ಕಂಬಕ್ಕೂ ನಡುವಿನ ಸಂದು ಎರಡೂ ಕಡೆ ಒಂದೇ ಇರುವ ತನಕ ಕ್ಯಾಮೆರಾ ಜರುಗಿಸಿ. ಫಿಶ್‌ಐನಲ್ಲಿ ಈ ಬಿಂದು ಒಂದೇ ಕಡೆ ನಿಲ್ಲುವುದಿಲ್ಲ, ಬೆಳಕು ಓರೆಯಾದಷ್ಟೂ ಮುಂದಕ್ಕೆ ಹೋಗುತ್ತದೆ. ಹಾಗಾಗಿ ಫ್ರೇಮಿನ ತುತ್ತತುದಿಯಲ್ಲಿ ಪರೀಕ್ಷಿಸಬೇಡಿ. 60 ಡಿಗ್ರಿ ಹೆಜ್ಜೆಯಾದರೆ ಫೋಟೋಗಳು ಸೇರುವುದು ನಡುವಿನಿಂದ 30 ಡಿಗ್ರಿಯ ಸುತ್ತಮುತ್ತ, ಪರೀಕ್ಷೆಯೂ ಅಲ್ಲೇ. ಸಿಕ್ಕಿದ ಜಾಗಕ್ಕೆ ಗೀರು ಹಾಕಿಡಿ.

ಓರೆಗೆರೆ:

ಮೇಲಿನವರ ಮಾತಿಗೆ ಎರಡು ಮಾತಿಲ್ಲ. ಆದರೆ ಹಗಿನ್‌ನಲ್ಲೂ ಒಂದು ಕಡೆ ಎಡವುವ ಸಾಧ್ಯತೆ ಇದೆ. ಈ ಲೆನ್ಸಿಗೆ ಚಿಪ್ ಇಲ್ಲದ ಮಾದರಿಯಾದರೆ ಎಕ್ಸಿಫ್‌ನಲ್ಲಿ (ಫೋಟೋ ಫೈಲಿನೊಳಗಿನ ಮಾಹಿತಿ) ಫೋಕಲ್ ಲೆಂಗ್ತ್ ಬರುವುದಿಲ್ಲ, ಹಗಿನ್ ಕೇಳುತ್ತದೆ. 8 ಎಂಎಂ, ಕ್ರಾಪ್ ಫ್ಯಾಕ್ಟರ್ 1.5 ಕೊಡಿ. ಲೆನ್ಸ್ ಟೈಪ್ ಮಾತ್ರ ಸ್ಟೀರಿಯೋಗ್ರಾಫಿಕ್ (ಈ ಲೆನ್ಸ್ ಚಿತ್ರವನ್ನು ಬಾಗಿಸುವ ರೀತಿ) ಇರಲೇಬೇಕು. ಬರೇ 'ಫುಲ್ ಫ್ರೇಮ್ ಫಿಶ್‌ಐ' ಎಂದು ಬಿಟ್ಟರೆ ಅಂಚುಗಳು ಹೊಂದುವುದಿಲ್ಲ, ಫೋಟೋಗಳನ್ನು ಹೊಂದಿಸುವ ಆಪ್ಟಿಮೈಸರ್ ಆ ತಪ್ಪನ್ನು ಎ, ಬಿ, ಸಿ ಎಂಬ ಲೆನ್ಸ್ ಡೊಂಕಿನ ಗುಣಾಂಕಗಳಲ್ಲಿ ತುರುಕಲು ನೋಡುತ್ತದೆ.

ಆಪ್ಟಿಮೈಸ್ ಒಂದೇ ಏಟಿಗೆ ಮಾಡಬೇಡಿ. ಮೊದಲು ಯಾ (ಎಡಬಲ ತಿರುವು), ಪಿಚ್ (ಮೇಲೆ ಕೆಳಗೆ), ರೋಲ್ (ಓರೆ) ಅಷ್ಟೇ. ಬಳಿಕ ವ್ಯೂ (ನೋಟದ ಅಗಲ) ಮತ್ತು ಬಿ. ಕೊನೆಗೆ ಡಿ, ಇ (ಚಿತ್ರದ ಕೇಂದ್ರ ಎಷ್ಟು ಸರಿದಿದೆ ಎಂಬುದು). ಕಂಟ್ರೋಲ್ ಪಾಯಿಂಟ್ (ಎರಡು ಫೋಟೋಗಳಲ್ಲೂ ಇರುವ ಒಂದೇ ಗುರುತು) ಪಟ್ಟಿಯನ್ನು 'ಡಿಸ್ಟೆನ್ಸ್', ಅಂದರೆ ಆ ಗುರುತು ಎಷ್ಟು ಪಿಕ್ಸೆಲ್ ತಪ್ಪಿದೆ ಎಂಬುದರ ಮೇಲೆ ಜೋಡಿಸಿ, ಮೇಲಿರುವ ಕೆಟ್ಟವನ್ನು ತೆರೆದು ನೋಡಿ ಅಳಿಸಿ. ಸರಿಯಾದ ಪನೋ ಹೆಡ್ ಇದ್ದರೆ ಸರಾಸರಿ ಒಂದೆರಡು ಪಿಕ್ಸೆಲ್ಲಿಗೆ ಇಳಿಯಬೇಕು.

ತೋಟದಲ್ಲಿ ಸೋಗೆಗಳ ಮೇಲೆ ಬಿದ್ದ ಪಾಯಿಂಟುಗಳನ್ನೆಲ್ಲ ತೆಗೆದುಹಾಕಿ, ಗಾಳಿಗೆ ಅವು ಎರಡು ಫೋಟೋಗಳಲ್ಲಿ ಒಂದೇ ಕಡೆ ಇರುವುದಿಲ್ಲ. ಮರದ ಬುಡ, ಕಾಂಡದ ಉಂಗುರ, ಕಾಲುವೆಯ ಕಲ್ಲು ನಂಬಿಗಸ್ತ. ಇಡೀ ಚಿತ್ರ ನೆಟ್ಟಗಾಗಲು ವರ್ಟಿಕಲ್ ಲೈನ್ ಪಾಯಿಂಟುಗಳನ್ನು ಜಗಲಿಯಲ್ಲಿ ಬಾಗಿಲಿನ ಚೌಕಟ್ಟಿಗೆ ಕೊಡಿ. ಅಡಿಕೆ ಮರಕ್ಕೆ ಕೊಡಬೇಡಿ ಮಾರಾಯ್ರೆ, ಅದು ನಮ್ಮ ಕಣ್ಣಿಗಷ್ಟೇ ನೇರ.

ಫೋಕಸ್: 8 ಎಂಎಂಗೆ ಎಫ್/8ರಲ್ಲಿ ಹೈಪರ್‌ಫೋಕಲ್ ದೂರ (ಫೋಕಸ್ ಅಲ್ಲಿಟ್ಟರೆ ಅನಂತದವರೆಗೂ ಸ್ಪಷ್ಟ ಬರುವ ದೂರ) ಸುಮಾರು 40 ಸೆಂ.ಮೀ. ಅಲ್ಲಿಗಿಟ್ಟು ಟೇಪ್ ಅಂಟಿಸಿದರೆ 20 ಸೆಂ.ಮೀ.ಯಿಂದ ಅನಂತದವರೆಗೂ ಚುರುಕು. ಫೋಕಸ್ ರಿಂಗಿನ ಮೇಲಿನ ಅಂಕಿಯನ್ನು ಮಾತ್ರ ಪರೀಕ್ಷಿಸದೆ ನಂಬಬೇಡಿ. ಎಕ್ಸ್‌ಪೋಷರ್, ವೈಟ್ ಬ್ಯಾಲೆನ್ಸ್ ಎರಡೂ ಮ್ಯಾನ್ಯುವಲ್. ಜಗಲಿ ಕತ್ತಲೆ, ಅಂಗಳ ಬಿಸಿಲು. ಅಲ್ಲಿ ಎಕ್ಸ್‌ಪೋಷರನ್ನು 2 ಸ್ಟಾಪ್ ಅಂತರದಲ್ಲಿ ಬದಲಿಸಿ ಮೂರು ಮೂರು ಹೊಡೆದು ಹಗಿನ್‌ನಲ್ಲಿ ಸ್ಟ್ಯಾಕ್ ಮಾಡಿ, ಅದರ ಜೊತೆಗಿರುವ ಎನ್‌ಫ್ಯೂಸ್ ಸೇರಿಸಿಕೊಡುತ್ತದೆ.

ದೇವಗಡ_ದೀಪ:

ಬೀಚಿನ ವಿಷಯ ಯಾರೂ ಮುಟ್ಟಲಿಲ್ಲ. ಅಲೆ, ಮೋಡ, ಆಕಾಶ ಬಿಟ್ಟರೆ ಬೇರೇನೂ ಇಲ್ಲದ ಫೋಟೋದಲ್ಲಿ ಪಾಯಿಂಟ್ ಸಿಗುವುದಿಲ್ಲ. ಅಲೆಯ ಮೇಲೆ ಸಿಕ್ಕಿದರೆ ಇನ್ನೂ ಕೆಟ್ಟದ್ದು: ಫೋಟೋ ತಪ್ಪು ಜಾಗಕ್ಕೆ ಅಂಟುತ್ತದೆ. ಟಾಗೋರ್ ಬೀಚಿನಿಂದ ಕೂರ್ಮಗಡ, ದೇವಗಡ ದ್ವೀಪಗಳು ಕಾಣುವ ದಿನವಾದರೆ ಅವು ಎರಡು ಫೋಟೋಗಳು ಸೇರುವ ಜಾಗಕ್ಕೆ ಬರುವಂತೆ ತಿರುವು ಶುರು ಮಾಡಿ. ಅವುಗಳ ಅಂಚಿಗೆ ಕೈಯಾರೆ ಮೂರ್ನಾಲ್ಕು ಪಾಯಿಂಟ್ ಸಾಕು.

ಮಂಜು ಮುಸುಕಿದ್ದರೆ ಬೇರೆ ದಾರಿ. ಪಕ್ಕದ ಫೋಟೋದ ಯಾಗೆ 60 ಕೂಡಿಸಿ ಕೈಯಾರೆ ತುಂಬಿ, ಪಿಚ್ ಮತ್ತು ರೋಲ್ ಅದರದ್ದೇ ಕೊಡಿ, ಆ ಫೋಟೋವನ್ನು ಆಪ್ಟಿಮೈಸ್‌ನಿಂದ ಹೊರಗಿಡಿ. ಇದಕ್ಕೆ ಪನೋ ಹೆಡ್ಡಿಗೆ ಕ್ಲಿಕ್ ಸ್ಟಾಪ್ (ನಿಗದಿತ ಕೋನಕ್ಕೊಮ್ಮೆ ಟಕ್ಕೆಂದು ನಿಲ್ಲುವ ವ್ಯವಸ್ಥೆ) ಇರಬೇಕು, ಬುಡ ಮಟ್ಟವಾಗಿರಬೇಕು. ದಿಗಂತದ ಡೊಂಕಿಗೆ ಹಾರಿಜಾಂಟಲ್ ಲೈನ್ ಪಾಯಿಂಟುಗಳು: ನೀರು ಆಕಾಶ ಸೇರುವ ಗೆರೆಯ ಮೇಲೆ, ಒಂದೊಂದು ಫೋಟೋದಲ್ಲಿ ಒಂದು ಜೋಡಿ.

ಟ್ರೈಪಾಡಿನ ಕಾಲನ್ನು ಮರಳಿನಲ್ಲಿ ಮೊದಲೇ ಗಟ್ಟಿಯಾಗಿ ಒತ್ತಿ. ಮಧ್ಯದಲ್ಲಿ ಒಂದು ಕಾಲು ಇಳಿದರೆ ಆ ಸುತ್ತು ಹೋಯಿತು. ಸೂರ್ಯ ಹೇಗೂ ಒಂದು ಫೋಟೋದಲ್ಲಿ ಬಂದೇ ಬರುತ್ತದೆ. ಅಂಚಿಗೆ ಬಂದರೆ ಫ್ಲೇರ್ (ಬಿಸಿಲು ಲೆನ್ಸಿನೊಳಗೆ ಚದುರಿ ಬೀಳುವ ಕಲೆ) ಎರಡು ಫೋಟೋಗಳಲ್ಲಿ ಎರಡು ಥರ, ಜೋಡಣೆ ಎದ್ದು ಕಾಣುತ್ತದೆ; ಆದ್ದರಿಂದ ಒಂದು ಫೋಟೋದ ನಡುವಿಗೇ ತನ್ನಿ. ಉಬ್ಬು ಗಾಜಿಗೆ ಫಿಲ್ಟರ್ ಹಾಕಲಾಗುವುದಿಲ್ಲ, ಉಪ್ಪಿನ ಹನಿ ನೇರ ಕೂರುತ್ತದೆ. ಬ್ಲೋವರ್, ಮೆತ್ತನೆ ಬಟ್ಟೆ ಇರಲಿ. ಅರ್ಗಾ ಕಡೆಯ ನೌಕಾನೆಲೆಯ ಹತ್ತಿರ ಕ್ಯಾಮೆರಾ ತೆಗೆಯಲೇಬೇಡಿ.

ತೋಟದಂಚು:

ಎಲ್ಲರಿಗೂ ಧನ್ಯವಾದ. ಪಟ್ಟಿ ಮಾಡಿಸುತ್ತೇನೆ. ಅಲ್ಲಿಯ ತನಕ ಈಗಿರುವ ಜಗಲಿಯ ಫೋಟೋಗಳಿಂದ ಏನಾದರೂ ಹೊರಡುತ್ತದೆಯೇ? ಟ್ರೈಪಾಡಿನ ತೂತು ಮುಚ್ಚುವುದು ಹೇಗೆ? ಹೋಮ್‌ಸ್ಟೇಯವರ ಸೈಟಿಗೆ ಹಾಕುವುದು ಹೇಗೆ?

ಹಂಚಿನಮಾಡು:

ಜಗಲಿಯದು ಅರ್ಧಂಬರ್ಧ ಹೊರಡುತ್ತದೆ. ಕಂಬ, ತೊಲೆಯಂಥ ಹತ್ತಿರದ ವಸ್ತುಗಳ ಮೇಲಷ್ಟೇ ಪಾಯಿಂಟ್ ಉಳಿಸಿ, ಅಂಗಳದಾಚೆಯವನ್ನು ಅಳಿಸಿ. ದೂರದ ತೋಟದಲ್ಲಿ ಎಲೆ ಎರಡಾಗಿ ಕಂಡರೆ ಯಾರೂ ಗಮನಿಸುವುದಿಲ್ಲ, ಮುರಿದ ತೊಲೆ ಎಲ್ಲರಿಗೂ ಕಾಣುತ್ತದೆ. ಮಾಸ್ಕ್ ಟ್ಯಾಬಿನಲ್ಲಿ ಪ್ರತಿ ಕಂಬವೂ ಒಂದೇ ಫೋಟೋದಿಂದ ಬರುವಂತೆ 'ಇನ್‌ಕ್ಲೂಡ್' ಗುರುತು ಹಾಕಿ. ಎರಡು ಫೋಟೋ ಸೇರುವ ಗೆರೆ ಖಾಲಿ ಗೋಡೆಯ ಮೇಲೆ ಹಾಯುವಂತೆ ಮಾಡುವುದೇ ಕೆಲಸ. ಚಾವಣಿಯ ರೀಪುಗಳು ಹೀಗೂ ಸರಿಹೋಗಲಿಕ್ಕಿಲ್ಲ, ಅವನ್ನು ಮತ್ತೆ ತೆಗೆಯಬೇಕಾದೀತು.

ತೂತಿಗೆ: ಸುತ್ತಿನ ಫೋಟೋ ಮುಗಿದ ಮೇಲೆ ಟ್ರೈಪಾಡ್ ಎತ್ತಿ, ಅದೇ ಎತ್ತರದಲ್ಲಿ ಕೈಯಲ್ಲಿ ಹಿಡಿದು ಆ ಜಾಗದ ನೆಲ ತೆಗೆಯಿರಿ. ಕ್ಯಾಮೆರಾದ ಜಾಗ ಬದಲಾದದ್ದನ್ನು ಹಗಿನ್‌ನ ಎಕ್ಸ್, ವೈ, ಝಡ್ ಟ್ರಾನ್ಸ್‌ಲೇಶನ್ ಸರಿಪಡಿಸುತ್ತದೆ. ಪಿಟಿಗುಯಿಯಲ್ಲಿ ಇದೇ ಕೆಲಸದ ವ್ಯೂಪಾಯಿಂಟ್ ಕರೆಕ್ಷನ್ ಪ್ರೊ ಆವೃತ್ತಿಯಲ್ಲಿದೆ. ನೆಲದ ಆ ಒಂದೇ ಫೋಟೋಗೆ ಎಕ್ಸ್, ವೈ, ಝಡ್ ಆಪ್ಟಿಮೈಸ್ ಮಾಡಿ, ಪಾಯಿಂಟುಗಳು ಸಮತಟ್ಟು ನೆಲದ ಮೇಲಷ್ಟೇ ಇರಲಿ. ಕೆಂಪು ಕಾವಿ ನೆಲ ನುಣುಪಾಗಿರುವುದರಿಂದ ಗುರುತೇ ಸಿಗದು. ಟ್ರೈಪಾಡಿನ ಕಾಲುಗಳ ಹೊರಗೆ ನಾಲ್ಕಾರು ಕಾಗದದ ಚೂರು ಅಂಟಿಸಿ, ಕೊನೆಗೆ ಗಿಂಪ್ ಎಂಬ ಫೋಟೋ ಎಡಿಟರಿನಲ್ಲಿ ಕ್ಲೋನ್ ಮಾಡಿ ಅಳಿಸಿ.

ಓರೆಗೆರೆ:

ಸೈಟಿಗೆ ಪ್ಯಾನೆಲಮ್ ಸಾಕು, ಬ್ರೌಸರಿನಲ್ಲೇ 360 ಚಿತ್ರ ತೋರಿಸುವ ಪ್ರೋಗ್ರಾಂ, ಪುಕ್ಕಟೆ. ಹಗಿನ್‌ನ ಔಟ್‌ಪುಟ್ ಈಕ್ವಿರೆಕ್ಟ್ಯಾಂಗ್ಯುಲರ್ (ಇಡೀ ಗೋಳವನ್ನು ಚಪ್ಪಟೆ ಆಯತವಾಗಿ ಬಿಡಿಸಿಟ್ಟ ಚಿತ್ರ), 360 ಅಡ್ಡ 180 ಡಿಗ್ರಿ, ಅಗಲ ಎತ್ತರದ ಸರಿಯಾಗಿ ಎರಡರಷ್ಟು. ನಿಮ್ಮ ಜೋಡಿಗೆ ಸುಮಾರು 13000 ಅಡ್ಡ 6500 ಪಿಕ್ಸೆಲ್‌ಗಿಂತ ದೊಡ್ಡದು ಮಾಡಿದರೆ ಫೈಲ್ ಊದುತ್ತದೆ ಅಷ್ಟೇ. ಗಿಂಪ್‌ನಲ್ಲಿ ಲೇಯರನ್ನು ಅರ್ಧ ಅಗಲದಷ್ಟು ಆಫ್‌ಸೆಟ್ ಮಾಡಿ ಎಡಬಲ ಅಂಚು ಸೇರುವ ಜಾಗ ಒಮ್ಮೆ ನೋಡಿ, ಮತ್ತೆ ಸ್ವಸ್ಥಾನಕ್ಕೆ ತನ್ನಿ.

ಅಷ್ಟು ದೊಡ್ಡ ಚಿತ್ರ ಹಳೆ ಮೊಬೈಲಿನಲ್ಲಿ ತೆರೆಯುವುದಿಲ್ಲ, ಹಲವದರ ಮಿತಿ 4096 ಪಿಕ್ಸೆಲ್. ಒಂದೋ 4096 ಅಡ್ಡ 2048ಕ್ಕೆ ಇಳಿಸಿ, ಇಲ್ಲವೇ ಪ್ಯಾನೆಲಮ್ ಜೊತೆ ಬರುವ ಪೈಥಾನ್ ಸ್ಕ್ರಿಪ್ಟಿನಿಂದ ಚಿತ್ರವನ್ನು ಬಿಲ್ಲೆಬಿಲ್ಲೆಯಾಗಿ ಕತ್ತರಿಸಿ. ಅದಕ್ಕೆ ಹಗಿನ್ ಜೊತೆ ಬರುವ ನೋನಾ ಪ್ರೋಗ್ರಾಂ ಬೇಕು, ನಿಮ್ಮಲ್ಲಿ ಹೇಗೂ ಇದೆ. ಜಗಲಿಯಿಂದ ತೋಟಕ್ಕೆ ಹೋಗುವ ಹಾಟ್‌ಸ್ಪಾಟಿಗೆ (ಒತ್ತಿದರೆ ಮುಂದಿನ ಚಿತ್ರ ತೆರೆಯುವ ಗುರುತು) ಪಿಚ್, ಯಾ ಎಂಬ ಎರಡು ಅಂಕಿ ಕೊಟ್ಟರಾಯಿತು. ಪುಟವನ್ನು ಡಬಲ್ ಕ್ಲಿಕ್ ಮಾಡಿ ತೆರೆದರೆ ಬ್ರೌಸರ್ ಭದ್ರತೆಯ ಕಾರಣಕ್ಕೆ ಚಿತ್ರ ತಡೆಯುತ್ತದೆ, ಸ್ಟಿಚ್ ಕೆಟ್ಟಿದೆ ಎಂದುಕೊಳ್ಳಬೇಡಿ. ನಿಮ್ಮ ಕಂಪ್ಯೂಟರಿನಲ್ಲೇ ಓಡುವ ಲೋಕಲ್ ಸರ್ವರ್ ಹಾಕಿ ನೋಡಿ.