ಕೈಟ್ ಸರ್ಫಿಂಗ್ ಕಲ್ಯಾಕ ಉಣಕಲ್ ಕೆರಿ ನಡೀತೈತೇನ್ರಿ?

ಉಣಕಲ್_ಹುಡುಗ
ನಮಸ್ಕಾರ್ರಿ ಎಲ್ಲಾರ್ಗೂ. 2024ರ ಒಲಿಂಪಿಕ್ಸ್‌ದಾಗ ಕೈಟ್ ರೇಸ್, ಅಂದ್ರ ದೊಡ್ಡ ಪಟ ಜಗ್ಗಿದಂಗ ಬೋರ್ಡ್ ಮ್ಯಾಲ ನಿಂತು ನೀರಾಗ ಓಡೋದು, ನೋಡಿದಾಗಿಂದ ತಲ್ಯಾಗ ಅದ ಹುಳ ಹೊಕ್ಕೇತಿ. ವಯಸ್ಸು 31, ತೂಕ 78 ಕೆಜಿ, ಈಜು ಬರ್ತೈತಿ, ಬಾವ್ಯಾಗ ಕಲ್ತದ್ದು. ಸಣ್ಣಾಂವಿದ್ದಾಗ ಕಾರಹುಣ್ಣಿವಿ ಮುಂದ ನಮ್ಮ ಓಣ್ಯಾಗ ನನ್ನ ಪಟ ಕಡ್ಯಾವ್ರ ಇದ್ದಿಲ್ಲ, ಹಿಂಗಾಗಿ ಗಾಳಿ ಲೆಕ್ಕ ಗೊತ್ತೈತಿ ಅನ್ಕೊಂಡೇನಿ. ಒಬ್ಬಾಂವ 12 ಮೀಟರ್‌ದ ಹಳೇ ಕೈಟ್ ಕೊಡ್ತೇನಿ ಅನ್ನಾಕತ್ತಾನ, ತಗೊಂಡು ನಮ್ಮ ಹುಬ್ಬಳ್ಳಿ ಉಣಕಲ್ ಕೆರ್ಯಾಗ ಇಳದ್ರ ಹೆಂಗ? ವಿಡಿಯೋ ಭಾಳ ನೋಡೇನಿ.

ಪೇಢಾ_ಪ್ರಿಯ_ಧಾರವಾಡ
ತಮ್ಮಾ, ಮೊದಲ ಆ ಕೈಟ್ ಬ್ಯಾಡ ಅಂತ ಹೇಳಿಬಿಡು. 12 ಮೀಟರ್ ಅಂದ್ರ ಉದ್ದ ಅಲ್ಲ, 12 ಚದರ ಮೀಟರ್, ಒಂದ್ ಖೋಲಿ ತುಂಬ ಹಾಸೋವಷ್ಟು ಬಟ್ಟಿ. ಗಾಳಿ ವೇಗ ಎರಡ್ ಪಟ್ಟಾದ್ರ ಅದು ಜಗ್ಗೋದು ನಾಲ್ಕ್ ಪಟ್ಟಾಗ್ತದ. ಉಣಕಲ್ ಕೆರಿ ಸುತ್ತ ಗಿಡ, ಬಿಲ್ಡಿಂಗು, ರೋಡು, ಗಾಳಿ ಅವಕ್ಕ ಬಡದು ತುಂಡ್ ತುಂಡಾಗಿ ಬರ್ತದ, ಒಮ್ಮೆ ಇಲ್ಲ ಒಮ್ಮೆ ಧಡಲ್ ಅಂತ. ಹಗ್ಗನ ಇಪ್ಪತ್ ಮೀಟರಿಗಿಂತ ಜಾಸ್ತಿ ಇರ್ತಾವ, ಎಲ್ಲಿ ಬಿಚ್ಚತೀ?

ಇನ್ನ ಪಟದ ಅನುಭವ. ನಾನೂ ಹಂಗ ಅನ್ಕೊಂಡು ಗೋವಾಕ್ಕ ಹೋಗಿದ್ದೆ. ಪಟ ಹಾರ್ಸಾಗ ಏನಾದ್ರೂ ದಾರ ಬಿಡಬಾರ್ದು ಅಂತ ಕೈಗೆ ರೂಢಿ ಆಗಿರ್ತದಲ್ಲ, ಇಲ್ಲಿ ಅದ ಮುಳುವಾತು. ಕೈಟ್ ಜೋರ್ ಜಗ್ತು, ನಾ ಅಂಜಿ ಬಾರ್, ಅಂದ್ರ ಕೈಟ್ ಹಗ್ಗದ ಹಿಡಿಕಿ, ಇನ್ನೂ ಗಟ್ಟಿ ಹಿಡದು ಎದಿ ಕಡೆ ಎಳಕೊಂಡೆ, ಬಾರ್ ಎಳಕೊಂಡಷ್ಟೂ ಅದಕ್ಕ ಪವರ್ ಏರೋದು! ಉಸುಕಿನ್ಯಾಗ ಹೊಟ್ಟಿ ಮ್ಯಾಲ ಹೋದೆ, ಮಣಕಾಲ ಎರಡೂ ಕೆತ್ತಿದ್ವು, ಬಾಯಾಗ ಉಸುಕು. ಹಿಂದ ಇನ್‌ಸ್ಟ್ರಕ್ಟರ್ ಬಿಡು ಬಿಡು ಅಂತ ಚೀರಾಕತ್ತಿದ್ದ. ಬಾರ್ ಬಿಟ್ರ ಕೈಟ್ ಹಾರಿ ಹೋಗಂಗಿಲ್ಲ, ಅದು ಸೊಂಟಕ್ಕ ಕಟ್ಟೋ ಪಟ್ಟಿಗೆ, ಹಾರ್ನೆಸ್‌ಗೆ, ಸಿಕ್ಕಿರ್ತದ, ಪವರ್ ಅಷ್ಟ ಇಳೀತದ. ಆಗ್ಲೂ ಜಗ್ಗಿದ್ರ ಬಾರ್ ಬಿಚ್ಚೋ ಕ್ವಿಕ್ ರಿಲೀಸ್ ದಬ್ಬಬೇಕು, ಲೀಶ್ ಅನ್ನೋ ಒಂದ ಸಣ್ಣ ಹಗ್ಗದ ಮ್ಯಾಲ ಕೈಟ್ ಸತ್ತಂಗ ಬೀಳ್ತದ. ಇದು ವಿಡಿಯೋ ನೋಡಿ ಕೈಗೆ ಬರೂದಲ್ಲಪಾ.

ಗದಗಿನ_ಗಾಳಿ
ಕಪ್ಪತಗುಡ್ಡದ ಗಾಳಿ ಕರೆಂಟಿನ ಫ್ಯಾನ್ ನೋಡಿ ನಮ್ಮಲ್ಲೇ ಕಲೀಬಹುದಲ್ಲ ಅಂತ ನನಗೂ ಅನಿಸಿತ್ತು ಹ್ಹಹ್ಹ. 2-3 ಚದರ ಮೀಟರ್‌ದ, ಕಲ್ಯಾವ್ರ ಸಣ್ಣ ಟ್ರೇನರ್ ಕೈಟ್ ಆದ್ರ ನಡೀತೈತಿ, ಅದೂ ಕರೆಂಟ್ ವೈರ್ ಇರದ ಬಯಲಿನ್ಯಾಗ. ಜೋಳ ಕೊಯ್ದ ಹೊಲಕ್ಕ ಹೋಗಬ್ಯಾಡ, ಕೂಳಿ ಮ್ಯಾಲ ಬಿದ್ರ ಗೊತ್ತಾಗ್ತೈತಿ. ತಲಿ ಮ್ಯಾಲ 12 ಗಂಟೆ, ಎಡಕ್ಕ 9, ಬಲಕ್ಕ 3 ಅಂತ ಗಡಿಯಾರದಂಗ ಹಿಡ್ಕೊಂಡು, ಕೈಟ್ ನೋಡಲಾರದ ಅದನ್ನ 12ರಾಗ ನಿಂದ್ರಸಾಕ ಬಂದ್ರ ಕ್ಲಾಸಿನ್ಯಾಗ ಟೈಮ್ ಉಳೀತೈತಿ.

ಉಣಕಲ್_ಹುಡುಗ
ಅಬ್ಬಬ್ಬಾ. ಹಂಗಾರ ಎಲ್ಲಿ, ಯಾವಾಗ ಹೋಗ್ಲಿ? ಮೂರ್ ದಿನ ರಜಾ ಅಷ್ಟ ಸಿಗ್ತೈತಿ. ಮನ್ಯಾಗ ಇನ್ನೂ ಹೇಳಿಲ್ಲ.

ಪೇಢಾ_ಪ್ರಿಯ_ಧಾರವಾಡ
ಗೋವಾ ಆದ್ರ ಮಾರ್ಚ್, ಏಪ್ರಿಲ್. ಮಧ್ಯಾಹ್ನ ನೆಲ ಕಾದ್ಮ್ಯಾಲ ಸಮುದ್ರದ ಕಡೆಯಿಂದ ಗಾಳಿ ಬರ್ತದ. ಮುಂಜಾನೆ ನೆಲದಿಂದ ಸಮುದ್ರಕ್ಕ ಬೀಸೋ ಗಾಳ್ಯಾಗ ಇಳೀಬ್ಯಾಡ, ಒಳಗ ಒಯ್ತದ. ಮಳಿಗಾಲದಾಗ ಆ ಕಡೆ ಹೆಸರೂ ಎತ್ತಬ್ಯಾಡ.

ಹಾವೇರಿ_ಮೆಣಸಿನಕಾಯಿ
ನಾ ರಾಮೇಶ್ವರದಾಗ ಕಲ್ತೆ, ಅಲೆ ಕಡಿಮಿ, ಸೊಂಟದ ತನಕ ನೀರು, ಬಿದ್ರ ಎದ್ದು ನಿಂದರಬಹುದು. ಮೊದಲನೇ ದಿನ ಬೋರ್ಡ್ ಕೊಡಂಗಿಲ್ಲ ಮತ್ತ, ಸಿಟ್ಟಾಗಬ್ಯಾಡ್ರಿ. ಬರೇ ಮೈ ಮ್ಯಾಲ ನೀರಾಗ ಎಳಸ್ಕೊಳ್ಳೋದು, ಬಾಡಿ ಡ್ರ್ಯಾಗ್ ಅಂತಾರ. ಬೋರ್ಡ್ ಕಳಕೊಂಡಾಗ ಅದರ ಕಡೆ ಹೋಗಾಕ ಅದ ಬೇಕು. ಒಲಿಂಪಿಕ್ಸ್‌ದಾಗ ನೋಡಿದ್ದು ಕೆಳಗ ರೆಕ್ಕಿ ಇದ್ದು ನೀರಿಂದ ಮ್ಯಾಲ ಏಳೋ ಫಾಯಿಲ್ ಬೋರ್ಡ್ರಿ, ನಿಮಗ ಕೊಡೂದು ಟ್ವಿನ್ ಟಿಪ್, ಎರಡೂ ತುದಿ ಒಂದ ಥರ ಇರೋ ಸಾದಾ ಬೋರ್ಡ್. ಮೂರ್ ದಿನದಾಗ ಎದ್ದು ನಾಕ್ ಮಾರು ಹೋದ್ರ ಅದ ದೊಡ್ಡದು. ಮನ್ಯಾಗ ಹೇಳಿ ಹೋಗ್ರಿ.

ಉಣಕಲ್_ಹುಡುಗ
ಕೈಟ್ ಬ್ಯಾಡಂತ ಫೋನ್ ಮಾಡಿ ಹೇಳಿದೆ. ಹಂಗಾರ ನಿಮ್ಮ ದೋಸ್ತರಿಗೆ ಯಾರಿಗರೆ ಬೇಕೇನು ಕೇಳ್ರಿ ಅಂದ.